ಸೈಪ್ರಸ್ ಪ್ರವಾಸದ ತಾಲೀಮು

ಯಾರಾದರೂ ತಮಗೆ ಕಂಡ ವಿಚಿತ್ರವನ್ನು ಹೇಳಲು ಬಂದರೆ ನಾನು ಎರಡೇ ಪ್ರಶ್ನೆ ಕೇಳುತ್ತಿದ್ದೆ. ಆಗ ಗಂಟೆ ಎಷ್ಟಾಗಿತ್ತು? ಅದಕ್ಕೆ ಮುಂಚೆ ಊಟ ಆಗಿತ್ತೇ? ಹೆಚ್ಚಿನವರಿಗೆ ಮೊದಲನೆಯದು ಗೊತ್ತಿರುತ್ತಿರಲಿಲ್ಲ. ಎರಡನೆಯದಕ್ಕೆ ಇಲ್ಲ ಎನ್ನುತ್ತಿದ್ದರು. ಅಲ್ಲಿಗೆ ನನ್ನ ವಿಚಾರಣೆ ಮುಗಿಯುತ್ತಿತ್ತು. ಹೊಟ್ಟೆ ಹಸಿದವನಿಗೆ ಏನು ಬೇಕಾದರೂ ಕಾಣಬಹುದು ಎಂಬುದು ನನ್ನ ತೀರ್ಮಾನವಾಗಿತ್ತು. ಈಗ ಹೇಳಹೊರಟಿರುವ ವಿಷಯದಲ್ಲಿ ನಾನು ಊಟ ಮಾಡಿದ್ದೆ, ಗಡಿಯಾರವನ್ನೂ ನೋಡಿದ್ದೆ. ಇಷ್ಟು ವರ್ಷ ಇದನ್ನು ಬರೆಯದೆ ಇಟ್ಟುಕೊಂಡಿದ್ದಕ್ಕೆ ಅದೇ ಕಾರಣ.

ನಾನು ಸೈನ್ಯದಲ್ಲಿ ಗುಮಾಸ್ತನಾಗಿ ಸೇರಿ ಹವಾಲ್ದಾರನಾಗಿ ನಿವೃತ್ತನಾದವನು. ಆಮೇಲೆ ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದೆ. ಸೈನ್ಯದಲ್ಲಿದ್ದಾಗ ನಮ್ಮ ತುಕಡಿಯನ್ನು ಶಾಂತಿಪಾಲನೆಗೆಂದು ಗಾಜಾಕ್ಕೆ ಕಳಿಸಿದ್ದರು. ಅಲ್ಲಿದ್ದ ಒಂದು ವರ್ಷ ಮೆಡಿಟರೇನಿಯನ್ ಸಮುದ್ರವನ್ನು ದಿನಾ ನೋಡುತ್ತಿದ್ದೆ. ರಜೆ ಸಿಕ್ಕಾಗ ಜೊತೆಯವರು ಹಡಗು ಹತ್ತಿ ಸೈಪ್ರಸ್ ದ್ವೀಪಕ್ಕೆ ಹೋಗಿ ಬರುತ್ತಿದ್ದರು. ನನ್ನ ಸರದಿ ಬಂದಾಗ ನಾನು ಹೋಗಲಿಲ್ಲ. ಆ ದುಡ್ಡನ್ನು ಊರಿಗೆ ಕಳಿಸಿದೆ. ನನ್ನ ಹೆಂಡತಿ ರತ್ನಮ್ಮ ಅದರಲ್ಲಿ ಹಿಪ್ಪುನೇರಳೆ ಕಡ್ಡಿ ನೆಡಿಸಿ, ರೇಷ್ಮೆಹುಳು ಸಾಕಲು ಶುರು ಮಾಡಿದಳು. ಮುಂದೆ ಆ ತೋಟವೇ ನಮ್ಮ ಸಂಸಾರವನ್ನು ನಡೆಸಿತು.

"ನಿಮ್ಮ ದ್ವೀಪಾನ ನಮ್ಮ ಹುಳ ತಿಂದ್ಬಿಟ್ವು ಕಣ್ರಿ" ಎಂದು ಅವಳು ಆಗಾಗ ನಗುತ್ತಿದ್ದಳು. ಅವಳು ಹುಟ್ಟಿದ್ದು ಟೇಕಲ್, ಸೇರಿದ್ದು ಮಾಲೂರು. ಸಮುದ್ರವನ್ನೇ ನೋಡಿದವಳಲ್ಲ. ಎಂಬತ್ತರ ದಶಕದ ಆರಂಭದಲ್ಲಿ, ಮಕ್ಕಳ ಮದುವೆಗಳು ಮುಗಿದ ಮೇಲೆ, ನಾನು ಒಂದು ನಿರ್ಧಾರಕ್ಕೆ ಬಂದೆ. ಅಂದು ಬಿಟ್ಟ ದ್ವೀಪಕ್ಕೆ ಅವಳನ್ನೂ ಕರೆದುಕೊಂಡು ಹೋಗಿ ಹನ್ನೆರಡು ದಿನ ಇದ್ದು ಬರಬೇಕು. ಹೇಳಿದಾಗ ಅವಳು ನಗಲಿಲ್ಲ. ರೇಷ್ಮೆಗೂಡು ಮಾರಿ ಕೂಡಿಟ್ಟಿದ್ದನ್ನು ಒಳಗಿನಿಂದ ತಂದು ನನ್ನ ಮುಂದಿಟ್ಟಳು. ಅವಳಿಗೆ ಎಷ್ಟು ಆಸೆಯಿತ್ತೆಂಬುದು ನನಗೆ ಆಗಲೇ ತಿಳಿದದ್ದು.

ಒಂದು ಉದ್ದನೆಯ ಪುಸ್ತಕಕ್ಕೆ ಗೆರೆ ಎಳೆದು ಅಂದಾಜು ಪಟ್ಟಿ ಹಾಕಿದೆ. ವಿಮಾನ, ಬಸ್ಸು, ವಸತಿ, ಊಟ, ಕೂಲಿ, ಇತರೆ. ಬೆಂಗಳೂರಿನ ಒಂದು ಪ್ರಯಾಣದ ಕಚೇರಿಯಿಂದ ದರಗಳನ್ನು ತಂದೆ. ಹಿಂದೆ ನಮ್ಮ ಜೊತೆಯವನೊಬ್ಬ ಇಳಿದುಕೊಂಡಿದ್ದ ಮನೆಯ ವಿಳಾಸ ಹುಡುಕಿ ಪತ್ರ ಬರೆದೆ. ಮನೆಯ ಒಡತಿ ಇನ್ನೂ ಇದ್ದಳು. ಅವಳ ಮಗ ಉತ್ತರ ಬರೆದ. ಕೋಣೆಯ ಬಾಡಿಗೆ ಸಮುದ್ರದ ದಡದ ಹೋಟೆಲುಗಳ ಅರ್ಧದಷ್ಟೂ ಇರಲಿಲ್ಲ. ಆದರೆ ಮನೆ ಗುಡ್ಡದ ಮೇಲಿತ್ತು. ಬಸ್ಸು ಬುಡದವರೆಗೆ ಮಾತ್ರ ಹೋಗುತ್ತಿತ್ತು. ಅಲ್ಲಿಂದ ಇನ್ನೂರ ನಲವತ್ತು ಮೆಟ್ಟಿಲು. ಸಾಮಾನು ಹೊರಲು ಆಳು ಸಿಗುತ್ತಾನೆ, ಕೂಲಿ ಇಷ್ಟು ಎಂದು ಅವನೇ ತಿಳಿಸಿದ್ದ.

ಎಲ್ಲವನ್ನೂ ಕೂಡಿದೆ. ನಮ್ಮಲ್ಲಿದ್ದ ಹಣ ಒಬ್ಬರಿಗೆ ಧಾರಾಳವಾಗಿ ಸಾಕು, ಇಬ್ಬರಿಗೆ ಸಾಲದು. "ನೀವೊಬ್ರೇ ಹೋಗ್ಬನ್ನಿ" ಎಂದಳು ರತ್ನಮ್ಮ. ಒಬ್ಬನೇ ಹೋಗುವುದಾಗಿದ್ದರೆ ಗಾಜಾದಿಂದಲೇ ಹೋಗಿರುತ್ತಿದ್ದೆ ಎಂದು ಹೇಳಿ, ಪಟ್ಟಿಯನ್ನು ಕತ್ತರಿಸಲು ಕುಳಿತೆ. ಮಧ್ಯಾಹ್ನದ ಊಟ ತೆಗೆದೆ. ಅದರ ಬದಲು ಇಬ್ಬರಿಗೂ ಹನ್ನೆರಡು ದಿನಕ್ಕಾಗುವಷ್ಟು ರಾಗಿಯ ಹುರಿಹಿಟ್ಟು, ಬೆಲ್ಲ. ಊರು ಸುತ್ತುವ ಬಸ್ಸನ್ನು ಮೂರು ದಿನಕ್ಕೆ ಇಳಿಸಿದೆ. ಕೊನೆಗೆ ಉಳಿದದ್ದು ಕೂಲಿ. ಹೋಗುವಾಗ, ಬರುವಾಗ, ಎರಡು ಪೆಟ್ಟಿಗೆಗೆ. ಅದನ್ನು ಹೊಡೆದು ಹಾಕಿದಾಗ ಲೆಕ್ಕ ಸರಿಹೋಯಿತು, ಸ್ವಲ್ಪ ಚಿಲ್ಲರೆಯೂ ಉಳಿಯಿತು.

ಆದರೆ ರತ್ನಮ್ಮನ ಬಲಗಾಲಿನ ಮಂಡಿ ಊದುತ್ತಿತ್ತು. ಅವಳು ತನ್ನ ಪೆಟ್ಟಿಗೆಯನ್ನು ತಾನೇ ಹೊತ್ತು ಇನ್ನೂರ ನಲವತ್ತು ಮೆಟ್ಟಿಲು ಹತ್ತಬಲ್ಲಳೇ? ಹತ್ತಿದರೆ ಇಬ್ಬರೂ ಹೋಗುವುದು, ಇಲ್ಲದಿದ್ದರೆ ಯಾರೂ ಇಲ್ಲ. ಅಲ್ಲಿಗೆ ಹೋದ ಮೇಲೆ ಆಗುವುದಿಲ್ಲ ಎಂದು ಗೊತ್ತಾದರೆ ಪ್ರಯೋಜನವಿಲ್ಲ. ತಾಲೀಮು ಮಾಡದೆ ಯಾವ ಕೆಲಸಕ್ಕೂ ಇಳಿಯಬಾರದೆಂದು ನನಗೆ ಕಲಿಸಿದ್ದರು. ಆದ್ದರಿಂದ ಏಪ್ರಿಲ್ ತಿಂಗಳ ಒಂದು ಭಾನುವಾರ, ಎರಡೂ ಪೆಟ್ಟಿಗೆಗಳಿಗೆ ಬಟ್ಟೆ, ಹಿಟ್ಟು ಎಲ್ಲವನ್ನೂ ಪ್ರಯಾಣದ ದಿನ ಇರಬೇಕಾದಷ್ಟೇ ತುಂಬಿ, ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಟೇಕಲ್‌ಗೆ ಹೋದೆವು. ಅಲ್ಲಿ ಬೆಟ್ಟವಿತ್ತು, ಅವಳ ತಮ್ಮ ಸೀನಪ್ಪನ ಮನೆಯೂ ಇತ್ತು.

ಸೀನಪ್ಪ ನಮ್ಮನ್ನು ನೋಡಿ ನೇಗಿಲು ಬಿಟ್ಟು ಓಡಿ ಬಂದ. ಗಂಡ ಹೆಂಡತಿ ಜಗಳವಾಡಿಕೊಂಡು ಮನೆಬಿಟ್ಟು ಬಂದಿದ್ದೇವೆಂದು ಅವನ ಗಾಬರಿ. ವಿಷಯ ತಿಳಿದ ಮೇಲೆ ಅವನನ್ನು ಹಿಡಿಯುವವರಿರಲಿಲ್ಲ.

"ಏಮಿ ಬಾವಾ! ಮಿಲಿಟ್ರಿ ಬಿಟ್ಟು ಎಷ್ಟು ವರ್ಷ ಆಯ್ತು, ಈಗ ನಮ್ಮಕ್ಕನಿಗೆ ಪರೇಡ್ ಮಾಡಿಸ್ತಾ ಇದೀಯಾ?" ಪೆಟ್ಟಿಗೆ ಎತ್ತಿ ನೋಡಿದ. "ಥೂ, ಏನ್ ಭಾರ! ಒಳಗೇನೈತೆ?"

"ಹುರಿಹಿಟ್ಟು" ಎಂದಳು ಅವನ ಅಕ್ಕ.

"ಊಟದ ಕಾಸು ಉಳಿಸಾಕೆ ಹಿಟ್ಟು, ಹಿಟ್ಟು ಹೊರಾಕೆ ಕೂಲಿ, ಕೂಲಿ ಉಳಿಸಾಕೆ ನಮ್ಮಕ್ಕ. ಭಲೇ ಲೆಕ್ಕ ಬಾವಾ ನಿಂದು!"

"ಸುಮ್ನಿರ್ಲಾ, ನೀನೇನು ಹೊರಬೇಕಾಗಿಲ್ಲ" ಎಂದೆ. ನಿಯಮ ಅದೇ ಆಗಿತ್ತು. ಅವನು ಜೊತೆಗೆ ಬರಬಹುದು, ಪೆಟ್ಟಿಗೆ ಮುಟ್ಟುವಂತಿಲ್ಲ.

ಅವನ ಮನೆಯಲ್ಲಿ ಒಂದೂವರೆಗೆ ಮುದ್ದೆ, ಸೊಪ್ಪಿನ ಸಾರು ಊಟ ಮಾಡಿ, ಅರ್ಧ ಗಂಟೆ ಕುಳಿತು, ಹೊರಟೆವು. ಬೆಟ್ಟದ ದಾರಿಯಲ್ಲಿ ಕೆಲವು ಕಡೆ ಕಡೆದ ಮೆಟ್ಟಿಲು, ಕೆಲವು ಕಡೆ ಬರೀ ಬಂಡೆ. ನಾನು ಹೆಜ್ಜೆ ಎಣಿಸುತ್ತಾ ಹೋದೆ. ರತ್ನಮ್ಮ ನೂರರವರೆಗೆ ನಿಲ್ಲದೆ ಬಂದಳು. ಆಮೇಲೆ ಪೆಟ್ಟಿಗೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತಾ, ನಿಂತು ನಿಂತು ಬಂದಳು. ಇನ್ನೂರ ನಲವತ್ತು ಮುಗಿದಾಗ ಒಂದು ಹಾಸುಬಂಡೆಯ ಮೇಲಿದ್ದೆವು. ಅವಳು ಪೆಟ್ಟಿಗೆ ಇಟ್ಟು ಅದರ ಮೇಲೇ ಕುಳಿತಳು. ಮಂಡಿ ಊದಿಕೊಂಡಿದ್ದು ಸೀರೆಯ ಮೇಲಿನಿಂದಲೇ ಕಾಣುತ್ತಿತ್ತು. ಸೀನಪ್ಪ ಬಂಡೆಯ ನೆರಳಲ್ಲಿ ಮುಖಕ್ಕೆ ಟವೆಲ್ಲು ಹಾಕಿಕೊಂಡು ಮಲಗಿದ.

ನಾನು ಕಿಸೆಯ ಪುಸ್ತಕ ತೆಗೆದೆ. ಹತ್ತಿದ್ದಳು ನಿಜ, ಆದರೆ ಆ ಮಂಡಿ ನೋಡಿದರೆ 'ಆಗುವುದಿಲ್ಲ' ಎಂದೇ ಬರೆಯಬೇಕಾಗಿತ್ತು. ಬರೆಯುವ ಮೊದಲು ಗಡಿಯಾರ ನೋಡಿದೆ, ಮೂರು ಗಂಟೆ ಹತ್ತು ನಿಮಿಷ. ತಲೆ ಎತ್ತಿದಾಗ ಎದುರಿಗೆ ಸಮುದ್ರವಿತ್ತು.

ಇದನ್ನು ಹೇಗಿತ್ತೋ ಹಾಗೆಯೇ ಹೇಳಿಬಿಡುತ್ತೇನೆ. ಕೆಳಗೆ ಇರಬೇಕಾದ ಹೊಲ, ಒಣಗಿದ ಕೆರೆ, ರೈಲು ಹಳಿ ಯಾವುದೂ ಇರಲಿಲ್ಲ. ಬೆಟ್ಟದ ಬುಡದ ಬಂಡೆಗಳವರೆಗೂ ನೀರು ಬಂದಿತ್ತು. ಬಂಡೆಗಳ ಹತ್ತಿರ ಅದು ತಿಳಿಹಸಿರು, ಸ್ವಲ್ಪ ದೂರದಿಂದ ಕಡು ನೀಲಿ. ಅಂಚಿನಲ್ಲಿ ಬಿಳಿ ನೊರೆ. ಗಾಜಾದ ದಡದಲ್ಲಿ ಬೆಳಿಗ್ಗೆ ಕವಾಯತು ಮಾಡುವಾಗ ಬರುತ್ತಿದ್ದ ಉಪ್ಪಿನ ವಾಸನೆಯೇ ಮೂಗಿಗೆ ಬಂತು. ಬಿಸಿಲು ತಲೆಗೇರಿದೆ ಎಂದುಕೊಂಡು ನಾನು ಮಾತಾಡಲಿಲ್ಲ. ಪುಸ್ತಕದಲ್ಲಿ ಸಮಯವನ್ನು ಮಾತ್ರ ಗುರುತು ಮಾಡಿದೆ.

ಮಾತಾಡಿದವಳು ಅವಳು. "ರೀ, ಇದೇನ್ರಿ ಇದು?"

ಅವಳಿಗೂ ಏನೋ ಕಾಣುತ್ತಿದೆ ಎಂದು ತಿಳಿಯಿತು. ಆದರೂ, "ಏನೂ ಹೇಳ್ಬೇಡ, ಸುಮ್ನೆ ನೋಡು" ಎಂದೆ. ಅಷ್ಟರಲ್ಲಿ ಸೀನಪ್ಪ ಟವೆಲ್ಲಿನ ಒಳಗಿನಿಂದಲೇ, "ಗೂಡ್ಸ್ ಗಾಡಿ ಬತ್ತಾ ಐತೇನೋ, ಏನ್ ಸದ್ದು ಬಾವಾ ಅದು" ಎಂದ. ಸದ್ದು ನಮಗೂ ಕೇಳುತ್ತಿತ್ತು. ದೊಡ್ಡದಾಗಿ ಎಳೆದು, ನಿಂತು, ಮತ್ತೆ ಎಳೆದ ಹಾಗೆ. ಅವನಕ್ಕ ಅವನನ್ನು ಅಲ್ಲಾಡಿಸಿ ಎಬ್ಬಿಸಿದಳು. "ಸೀನ, ಎದ್ದು ನೋಡೋ ಅಲ್ಲಿ."

ಅವನು ಎದ್ದು ಕಣ್ಣುಜ್ಜಿಕೊಂಡು ನೋಡಿದ. "ಏನ್ ನೋಡಾದು? ಹೊಲ ಐತೆ. ಕೆರೆ ಐತೆ, ಕೆರೇಲಿ ನೀರಿಲ್ಲ. ಅದನ್ನ ನೋಡಾಕೆ ಎಬ್ಬಿಸಿದ್ಯಾ ಅಕ್ಕಾ?" ಮತ್ತೆ ಮಲಗಿದ.

ನಾವಿಬ್ಬರೂ ನೋಡುತ್ತಲೇ ಇದ್ದೆವು. ಎಷ್ಟು ಹೊತ್ತಾಯಿತೆಂದು ತಿಳಿಯಲು ನಾನು ಮತ್ತೆ ಗಡಿಯಾರದ ಕಡೆ ಬಗ್ಗಿದೆ, ಮೂರು ಇಪ್ಪತ್ನಾಲ್ಕು. ತಲೆ ಎತ್ತಿದರೆ ಹೊಲ, ಕೆರೆ, ಹಳಿ. ರತ್ನಮ್ಮನನ್ನು ಕೇಳಿದರೆ, ತಾನು ರೆಪ್ಪೆ ಹೊಡೆಯುವಷ್ಟರಲ್ಲಿ ಹೋಯಿತು ಎನ್ನುತ್ತಾಳೆ.

ಸೀನಪ್ಪನ ಮನೆ ತಲುಪುವವರೆಗೆ ಆ ವಿಷಯ ಮಾತಾಡಬಾರದೆಂದು ಅವಳಿಗೆ ಹೇಳಿದೆ. ಮನೆಗೆ ಬಂದೊಡನೆ ನಾನು ಕಂಡದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಮಡಿಸಿ, ಸೀನಪ್ಪನ ಕೈಗೆ ಕೊಟ್ಟೆ. ಆಮೇಲೆ ಅವಳನ್ನು ಹೇಳಲು ಬಿಟ್ಟೆ. ಸೀನಪ್ಪ ಹಾಳೆ ಬಿಚ್ಚಿ ಹೋಲಿಸಿದ. ಅವನ ತಮಾಷೆ ಅಲ್ಲಿಗೆ ನಿಂತಿತು. ತಿಳಿಹಸಿರು, ಕಡು ನೀಲಿ, ಬಂಡೆಯ ಬುಡದ ನೊರೆ, ಉಪ್ಪಿನ ವಾಸನೆ, ಎಲ್ಲವೂ ಹೊಂದಿಕೊಂಡವು. ನಾನು ಅವಳಿಗೆ ಆ ಸಮುದ್ರದ ಬಣ್ಣವನ್ನು ಹೀಗೆ ಬಿಡಿಸಿ ಎಂದೂ ಹೇಳಿದವನಲ್ಲ. ಒಂದು ವಿಷಯ ಮಾತ್ರ ನನ್ನ ಹಾಳೆಯಲ್ಲಿರಲಿಲ್ಲ. ನೀರಿನ ಆಚೆ, ಬಲು ದೂರದಲ್ಲಿ, ಮಲಗಿದ ಎಮ್ಮೆಯ ಬೆನ್ನಿನ ಹಾಗೆ ಒಂದು ನೆಲ ಕಂಡಿತು ಎಂದಳು ರತ್ನಮ್ಮ. "ಅದೇ ಅಲ್ವಾ ನೀವು ಹೇಳ್ತಿದ್ದ ದ್ವೀಪ?"

ನನಗೆ ಅದು ಕಂಡಿರಲಿಲ್ಲ. ಗಾಜಾದಲ್ಲಿದ್ದಾಗಲೂ ಕಂಡಿರಲಿಲ್ಲ.

ಸಂಜೆ ಸ್ಟೇಷನ್ನಿಗೆ ಹೋಗಿ ಮಾಸ್ತರರನ್ನು ವಿಚಾರಿಸಿದೆ. ಎರಡೂವರೆಯಿಂದ ನಾಲ್ಕರವರೆಗೆ ಯಾವ ಗಾಡಿಯೂ ಹೋಗಿರಲಿಲ್ಲ. ಮುಂದೆ ಪರಿಚಯದ ವಿಜ್ಞಾನದ ಮೇಷ್ಟರೊಬ್ಬರಿಗೆ ಇದನ್ನೆಲ್ಲ ಹೇಳಿದಾಗ ಅವರು ಬಿಸಿಲ್ಗುದುರೆ ಎಂದರು. ಒಣಗಿದ ಕೆರೆಯ ಮೇಲೆ ಕಾದ ಗಾಳಿ ನೀರಿನಂತೆ ತೋರುವುದನ್ನು ಮರುಭೂಮಿಯಲ್ಲಿ ನಾನೇ ನೋಡಿದ್ದೇನೆ. ಅದಕ್ಕೆ ವಾಸನೆಯಿಲ್ಲ, ಸದ್ದಿಲ್ಲ. ಅಲ್ಲದೆ ಅದು ಪಕ್ಕದಲ್ಲಿರುವವನನ್ನು ಬಿಟ್ಟು ನಮಗಿಬ್ಬರಿಗೇ ಏಕೆ ಕಾಣಬೇಕು? ನೋಡಿದವರಿಗೆ ಸದ್ದು ಕೇಳಿಸಿದ್ದು ಸರಿ, ನೋಡದವನಿಗೆ ಏಕೆ ಕೇಳಿಸಬೇಕು? ನನ್ನ ಹಳೆಯ ನೆನಪೇ ಕಣ್ಣಿಗೆ ಕಟ್ಟಿತು ಎಂದರೂ ಒಪ್ಪುತ್ತೇನೆ. ಆದರೆ ರತ್ನಮ್ಮನಿಗೆ ಅಂಥ ನೆನಪೇ ಇರಲಿಲ್ಲ.

ಆ ರಾತ್ರಿ ಅಲ್ಲೇ ಉಳಿದೆವು. ಮಂಡಿಗೆ ಹರಳೆಣ್ಣೆ ಹಚ್ಚಿಕೊಳ್ಳುತ್ತಾ ಅವಳು, "ನಾಳೆ ಮನೆಗ್ಹೋದ್ಮೇಲೆ ಹಿಟ್ಟು ತೆಗ್ದು ಡಬ್ಬಕ್ಕೆ ಹಾಕ್ಬೇಕು. ಪೆಟ್ಟಿಗೇಲಿ ಬಿಟ್ರೆ ಹುಳ ಬೀಳ್ತದೆ" ಎಂದಳು.

"ಯಾಕೆ? ಬೇರೆ ದಾರಿ ನೋಡೋಣ. ಮಂಡಿಗೆ ಔಷಧಿ ತಗೊಂಡ್ರೆ ಆಯ್ತು."

"ಬೇಡ ಬಿಡಿ. ಹೋಗಿ ಬಂದಂಗೇ ಆಯ್ತಲ್ಲ."

ಅದು ಹೋಗಿ ಬಂದದ್ದಲ್ಲ ಎಂದು ನಾನು ವಾದಿಸಿದೆ. ಅವಳು ಸೋಲಲಿಲ್ಲ. ನನ್ನ ಪಟ್ಟಿ ಕೊನೆಗೂ ಸರಿಹೊಂದಿದಾಗ ಹೀಗಾಯಿತಲ್ಲ ಎಂದು ಒಂದು ವಾರ ನನಗೆ ಸಿಟ್ಟಿತ್ತು. ಕಾಲು ಕೊಡುವುದಿಲ್ಲವೆಂದು ತಿಳಿದು, ನನ್ನ ಮನಸ್ಸು ನೋಯದಿರಲೆಂದು ಹಾಗೆ ಹೇಳುತ್ತಿದ್ದಾಳೆಂಬ ಅನುಮಾನವೂ ಇತ್ತು. ಆದರೆ ಆಮೇಲೆ ಅವಳು ತೋಟದಲ್ಲಿ ಸೊಪ್ಪು ಕೊಯ್ಯುವಾಗ, ಒಲೆ ಮುಂದೆ ಕೂತಾಗ, ಅವಳ ಮುಖದಲ್ಲಿ ಪ್ರವಾಸದಿಂದ ಹಿಂತಿರುಗಿದವರ ಗೆಲುವೇ ಇತ್ತು. ನೆರೆಯವರಿಗೆ ಆ ನೀಲಿಯ ವಿಷಯ ಹೇಳುವುದನ್ನೂ ಕೇಳಿದ್ದೇನೆ. ಎಲ್ಲಿ ನೋಡಿದ್ದು ಎಂಬುದನ್ನು ಮಾತ್ರ ಅವಳು ಹೇಳುತ್ತಿರಲಿಲ್ಲ. ಕ್ರಮೇಣ ನನ್ನ ಸಿಟ್ಟು ಇಳಿಯಿತು. ನಾವು ನೆಮ್ಮದಿಯಾಗಿಯೇ ಇದ್ದೆವು.

ಮರುವರ್ಷ ಅದೇ ತಿಂಗಳು, ಅದೇ ಹೊತ್ತಿಗೆ ನಾನೊಬ್ಬನೇ ಆ ಬಂಡೆಯ ಮೇಲೆ ಹೋಗಿ ಕುಳಿತೆ. ಬೇರೆ ಬೇರೆ ಕಾಲದಲ್ಲಿ ಇನ್ನೂ ಮೂರು ಸಲ ಹೋದೆ. ಹೊಲ ಕಂಡಿತು, ಹಳಿ ಕಂಡಿತು, ಮಳೆ ಬಂದ ವರ್ಷ ಕೆರೆಯಲ್ಲಿ ನೀರೂ ಕಂಡಿತು.

ಕೂಡಿಟ್ಟ ಹಣದಲ್ಲಿ ಒಂದು ಸಣ್ಣ ಭಾಗ ತೆಗೆದು, ನಿಜವಾದ ಸಮುದ್ರವನ್ನು ತೋರಿಸೋಣವೆಂದು ಅವಳನ್ನು ಮದರಾಸಿಗೆ ಕರೆದುಕೊಂಡು ಹೋದೆ. ಮಾಲೂರಿನಿಂದ ನೇರ ಗಾಡಿ. ಈ ಸಲ ಪೆಟ್ಟಿಗೆಗೆ ಕೂಲಿ ಕೊಟ್ಟೆ. ಸಂಜೆ ಮರಳಿನ ಮೇಲೆ ನಿಂತು ಅವಳು ಬಹಳ ಹೊತ್ತು ನೋಡಿದಳು. ಅಲೆಯಲ್ಲಿ ಕಾಲು ನೆನೆಸಿಕೊಂಡಳು, ಚಿಕ್ಕ ಹುಡುಗಿಯ ಹಾಗೆ ಸೀರೆ ಎತ್ತಿ ಹಿಂದಕ್ಕೆ ಓಡಿದಳು. ಆಮೇಲೆ ಹತ್ತಿರ ಬಂದು, "ಚೆನ್ನಾಗೈತೆ. ಆದ್ರೆ ಇದು ಅದಲ್ಲ ಕಣ್ರಿ" ಎಂದಳು.

ಅಲ್ಲ ಎಂದು ನನಗೂ ಗೊತ್ತಿತ್ತು. ಇಲ್ಲಿಯ ನೀರು ಬೂದು, ದಡದಲ್ಲಿ ಮಣ್ಣಿನ ಬಣ್ಣ.

"ಅದು ಯಾವ ಕಡೆ ಬರ್ತದೆ?" ಎಂದು ಕೇಳಿದಳು.

ನಾನು ಸಮುದ್ರಕ್ಕೆ ಬೆನ್ನು ಮಾಡಿ, ಸೂರ್ಯ ಇಳಿಯುತ್ತಿದ್ದ ಕಡೆಗೆ, ನಾವು ಬಂದ ದಾರಿಯ ಕಡೆಗೆ ಕೈ ತೋರಿಸಿದೆ.

"ಅಂದ್ರೆ ನಮ್ಮೂರ ಕಡೇನೇ ಅನ್ನಿ" ಎಂದು ತಲೆಯಾಡಿಸಿ, ಕಡಲೆಕಾಳಿನ ಸುಂಡಲ್ ಮಾರುವವನನ್ನು ಕರೆದಳು.

ಅವಳು ಅದನ್ನು ತಮಾಷೆಗೆ ಹೇಳಿದಳೋ, ನಿಜವಾಗಿಯೂ ಹಾಗೆ ನಂಬಿದ್ದಾಳೋ, ನಾನು ಇಂದಿನವರೆಗೂ ಕೇಳಿಲ್ಲ. ಕೇಳಿದರೆ ನಾನು ಏನನ್ನು ನಂಬಿದ್ದೇನೆಂದು ಅವಳು ತಿರುಗಿ ಕೇಳುತ್ತಾಳೆ. ಆಗ ನಾನು ಏನು ಹೇಳಲಿ?