ರೈಟರ ಮಗಳ ಸಾಕ್ಷಿ

ಡುಲ್ಸಿನ್‌ಳ ಕಪ್ಪು ಕೋಟು ನನ್ನ ಮನೆಯಲ್ಲಿಯೇ ಉಳಿದಿದೆ. ಕಳೆದ ವರ್ಷ ಮಾರ್ಚಿನ ಒಂದು ಸಂಜೆ ಬಿಜೈ ಮಾರ್ಕೆಟಿನಿಂದ ಬಂಗುಡೆ ಮೀನು ಹಿಡಿದುಕೊಂಡು ಬಂದವಳು ಕೋಟನ್ನು ನನ್ನ ಕುರ್ಚಿಯ ಬೆನ್ನಿಗೆ ಹಾಕಿ, "ಇದು ಸ್ವಲ್ಪ ದಿನ ಇಲ್ಲಿರಲಿ ಮಾರಾಯ್ತಿ. ಮನೆಯಲ್ಲಿದ್ದರೆ ಬೆಳಿಗ್ಗೆ ಅಭ್ಯಾಸದಲ್ಲಿ ಹಾಕಿಕೊಂಡು ಹೋಗಿಬಿಡ್ತೇನೆ" ಎಂದಳು. ಮೂವತ್ತು ವರ್ಷ ಹಾಕಿದ ಕೋಟು. ಎಡ ಮೊಣಕೈಯ ಹತ್ತಿರ ಎರಡು ಸಲ ಹೊಲಿದಿದ್ದಾಳೆ. ಮೇ ತಿಂಗಳಲ್ಲಿ ಅವಳು ತೀರಿಕೊಂಡಳು. ಆ ಕೋಟನ್ನು ಯಾಕೆ ಬಿಚ್ಚಿದಳು ಎಂಬುದನ್ನು ಬರೆಯಬೇಕೆಂದು ಕುಳಿತಿದ್ದೇನೆ.

ಡುಲ್ಸಿನ್ ಮೊಂತೇರೊ ಹೆಸರುವಾಸಿ ವಕೀಲೆಯೇನೂ ಅಲ್ಲ. ಕೋರ್ಟಿನ ಹತ್ತಿರದ ಹಳೆಯ ಕಟ್ಟಡದ ಮಾಳಿಗೆಯಲ್ಲಿ ಹಿರಿಯ ವಕೀಲ ಅಹ್ಮದ್ ಬಾವ ಅವರೊಂದಿಗೆ ಒಂದೇ ಕೋಣೆ, ಎರಡು ಮೇಜು. ಬಾಡಿಗೆ ತಕರಾರು, ಬಸ್ಸು ತಾಗಿದ ಸ್ಕೂಟರಿನ ಕ್ಲೇಮು, ಜನನ ಪತ್ರದ ತಿದ್ದುಪಡಿ, ಇಂಥವು ಅವಳ ಕೆಲಸ. ಮದುವೆಯಾಗಿರಲಿಲ್ಲ. ಕುವೈತಿನಲ್ಲಿ ನರ್ಸಾಗಿದ್ದು ಮರಳಿ ಬಂದ ಅಕ್ಕ ಎಲೇನ್ ಜೊತೆ ಬಿಜೈಯಲ್ಲಿದ್ದಳು. ಸಿಟಿ ಬಸ್ಸಿನ ಕಂಡಕ್ಟರುಗಳಿಗೆಲ್ಲ ಅವಳು 'ಲಾಯರ್ ಬಾಯಿ', ಅಂದರೆ ಲಾಯರಮ್ಮ. ಸ್ಟಾಪು ದಾಟಿಸಿ ನಿಲ್ಲಿಸಿದವನಿಗೆ, "ನಾಳೆ ನಿನಗೊಂದು ನೋಟೀಸು ಉಂಟು ನೋಡು" ಎನ್ನುವಳು. "ಕಳಿಸಿ ಬಾಯಿ, ನನಗೆ ಕಾಗದ ಬರೆಯುವವರು ಬೇರೆ ಯಾರೂ ಇಲ್ಲ" ಎಂದು ಅವನೂ ಬಿಡುತ್ತಿರಲಿಲ್ಲ.

ಅವಳು ಹುಟ್ಟಿ ಬೆಳೆದದ್ದು ಸುಳ್ಯದ ಕಡೆಯ ಒಂದು ರಬ್ಬರ್ ತೋಟದಲ್ಲಿ. ತಂದೆ ಸಿಪ್ರಿಯನ್ ಅಲ್ಲಿ ರೈಟರು, ಅಂದರೆ ಹಾಜರಿ ಪುಸ್ತಕ ಬರೆಯುವ ಗುಮಾಸ್ತರು. ಎಪ್ಪತ್ತರ ದಶಕದಲ್ಲಿ ಆ ತೋಟಕ್ಕೆ ಸಿಲೋನಿನಿಂದ ತಮಿಳು ಕೂಲಿಗಳು ಬಂದರು. ತಮಿಳುನಾಡಿನಿಂದ ಹೋಗಿ ತಲೆಮಾರುಗಟ್ಟಲೆ ಅಲ್ಲಿಯ ಚಹಾ ತೋಟಗಳಲ್ಲಿ ದುಡಿದವರು. ಎರಡು ಸರಕಾರಗಳು ಒಪ್ಪಂದ ಮಾಡಿಕೊಂಡು ಅವರನ್ನು ಹಡಗು ಹತ್ತಿಸಿದ್ದವು. ಅಲ್ಲಿ ಅವರನ್ನು ಇಂಡಿಯಾದವರು ಎನ್ನುತ್ತಿದ್ದರು, ಇಲ್ಲಿ ಇಳಿದ ಮೇಲೆ ಸಿಲೋನಿನವರು ಎಂದರು. ಡುಲ್ಸಿನ್ ಆ ಕೂಲಿ ಲೈನಿನ ಸಾಲುಮನೆಗಳ ಮಕ್ಕಳೊಂದಿಗೆ ಆಡಿ ತಮಿಳು ಕಲಿತಳು. ಅವರಿಗೆ ರೈಟರು 'ಅಯ್ಯಾ', ಅವಳು 'ಚಿನ್ನಮ್ಮ', ಅಂದರೆ ಚಿಕ್ಕ ಯಜಮಾನಿ. ಐವತ್ತು ದಾಟಿದ ಮೇಲೂ, ಕೋರ್ಟಿನ ಮೆಟ್ಟಿಲ ಮೇಲೆ ನಿಂತಾಗಲೂ ಅವರು ಅವಳನ್ನು ಕರೆಯುತ್ತಿದ್ದುದು ಹಾಗೆಯೇ.

ಅವರಲ್ಲಿ ಹೆಚ್ಚಿನವರು ಆದಿ ದ್ರಾವಿಡರು. ಆ ಜಾತಿ ನಮ್ಮ ರಾಜ್ಯದ ಪರಿಶಿಷ್ಟರ ಪಟ್ಟಿಯಲ್ಲಿದೆ. ಆದರೆ ಮಕ್ಕಳಿಗೆ ಜಾತಿ ಪ್ರಮಾಣಪತ್ರ ಕೇಳಲು ಹೋದರೆ ಕಚೇರಿಗಳಲ್ಲಿ ಒಂದೇ ಮಾತು: ನಿಮ್ಮ ಶಾಲೆಯ ದಾಖಲೆಯಲ್ಲಿ 'ಸಿಲೋನ್ ತಮಿಳ' ಎಂದಿದೆ, ಅಂಥ ಜಾತಿ ಪಟ್ಟಿಯಲ್ಲಿಲ್ಲ. ಹನ್ನೊಂದು ವರ್ಷಗಳಲ್ಲಿ ಡುಲ್ಸಿನ್ ಹದಿನಾಲ್ಕು ಕುಟುಂಬಗಳಿಗಾಗಿ ಅರ್ಜಿ, ಮೇಲ್ಮನವಿ, ರಿಟ್ ಎಂದು ಓಡಾಡಿದಳು. ಹೈಕೋರ್ಟು 'ಮರುಪರಿಶೀಲಿಸಿ' ಎನ್ನುತ್ತಿತ್ತು. ಕಚೇರಿ ಮರುಪರಿಶೀಲಿಸಿ ಮತ್ತೆ ತಿರಸ್ಕರಿಸುತ್ತಿತ್ತು. ಮೂವರಿಗೆ ಮಾತ್ರ ಸಿಕ್ಕಿತು. ಉಳಿದ ಮಕ್ಕಳು ಕಾಯುತ್ತ ಕಾಯುತ್ತ ದೊಡ್ಡವರಾಗಿ ಕೆಲಸಕ್ಕೆ ಸೇರಿಕೊಂಡರು.

ಕೊನೆಯ ಪ್ರಕರಣ ತಿಲಗವತಿಯದು. ಉರ್ವ ಮಾರ್ಕೆಟಿನ ಹಿಂದೆ ಒಂದು ಕೋಣೆಯ ಬಾಡಿಗೆ ಮನೆ. ಅಜ್ಜ ವೀರಮಲೈ, ತಾಯಿ ಪುಷ್ಪರಾಣಿ, ಈ ಹುಡುಗಿ. ವೀರಮಲೈಯ ಮಗ ತೀರಿಹೋದ ಮೇಲೆ ತೋಟ ಬಿಟ್ಟು ನಗರಕ್ಕೆ ಬಂದವರು. ಪುಷ್ಪರಾಣಿ ಮೀನು ಕತ್ತರಿಸುವ ಶೆಡ್ಡಿಗೆ ಹೋಗುತ್ತಾಳೆ. ತಿಲಗವತಿ ಪಿಯುಸಿ ವಿಜ್ಞಾನ ಓದುತ್ತಿದ್ದಳು. ಸರಕಾರಿ ಕಾಲೇಜಿನಲ್ಲಿ ನರ್ಸಿಂಗ್ ಸೀಟು ಸಿಗಬೇಕೆಂಬುದು ಅವಳ ಆಸೆ. ಅದಕ್ಕೆ ಜಾತಿ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಬೇಕು. ಸೀಟಿನ ಅರ್ಜಿಯಲ್ಲಿ ಆ ನಂಬರ್ ಹಾಕದಿದ್ದರೆ ಕಂಪ್ಯೂಟರಿನ ಪುಟ ಮುಂದಕ್ಕೆ ಹೋಗುವುದಿಲ್ಲ. ಜೂನ್ ಮುಗಿಯುವುದರೊಳಗೆ ಪತ್ರ ಸಿಗಬೇಕಿತ್ತು.

ಡುಲ್ಸಿನ್ ಈ ಸಲ ಧೈರ್ಯದಲ್ಲಿದ್ದಳು. ವೀರಮಲೈ ಅವಳ ತಂದೆಯ ತೋಟದವನೇ. ತೋಟದ ಮೂಲ ರಿಜಿಸ್ಟರನ್ನು ತರಿಸಬೇಕೆಂದು ಮೇಲ್ಮನವಿಯಲ್ಲಿ ಹಟ ಹಿಡಿದಳು. 'ಶಾಲೆಯ ಯಾರೋ ಬೇಜವಾಬ್ದಾರಿ ಗುಮಾಸ್ತ ತಪ್ಪಾಗಿ ನಕಲು ಮಾಡಿದ್ದಾನೆ, ಮೂಲ ಪುಸ್ತಕದಲ್ಲಿ ಸತ್ಯವಿದೆ' ಎಂದು ಬರೆದಿದ್ದಳು. ನಾನು ಗ್ರಂಥಾಲಯದಲ್ಲಿ ಕೆಲಸ ಮಾಡಿದವಳು. ಅವಳ ಅರ್ಜಿಗಳ ಕನ್ನಡವನ್ನು ಓದಿ ನೋಡುವುದು ನನ್ನ ಪಾಲಿಗೆ ಬಂದಿತ್ತು. 'ಬೇಜವಾಬ್ದಾರಿ' ಎಂಬ ಮಾತು ಸ್ವಲ್ಪ ಖಾರವಾಯಿತು ಎಂದೆ.

"ಖಾರ ಇರಲಿ. ಪಪ್ಪ ಒಂದು ಚುಕ್ಕೆ ತಪ್ಪಿದರೆ ಊಟ ಮಾಡುತ್ತಿರಲಿಲ್ಲ. ಅವರ ಪುಸ್ತಕ ಬರಲಿ, ಆಮೇಲೆ ನೋಡು."

ಆರು ತಿಂಗಳು ಬರೆದೂ ಬರೆದೂ ಫೆಬ್ರವರಿಯಲ್ಲಿ ಪುಸ್ತಕ ಬಂತು. "ಪಪ್ಪನ ಅಕ್ಷರ ನೋಡಬೇಕಾದರೆ ಬಾ" ಎಂದು ನನ್ನನ್ನೂ ಕರೆದುಕೊಂಡು ಹೋದಳು. ಮೇಲ್ಮನವಿ ಕೇಳುವ ಅಧಿಕಾರಿ ಮರ್ಯಾದಸ್ಥ. ಕೆಂಪು ಬಟ್ಟೆ ಬಿಚ್ಚಿ ಪುಟ ತೆರೆದು ಪುಸ್ತಕವನ್ನು ಅವಳ ಕಡೆ ತಿರುಗಿಸಿದರು.

ಅಕ್ಷರ ನಿಜಕ್ಕೂ ಚಂದವಿತ್ತು. ನೀಲಿ ಶಾಯಿ, ಒಂದೇ ಅಳತೆ, ಎಲ್ಲಿಯೂ ಚಿತ್ತಿಲ್ಲ. ಜಾತಿ ಎಂಬ ಅಂಕಣದಲ್ಲಿ ವೀರಮಲೈಯ ಎದುರು 'ಸಿಲೋನ್ ತಮಿಳ' ಎಂದಿತ್ತು. ಅದರ ಕೆಳಗಿನ ಸಾಲಿನಲ್ಲಿ ಅದೇ. ಅದರ ಕೆಳಗೂ ಅದೇ. ಪುಟ ತಿರುಗಿಸಿದಳು. ಅಲ್ಲಿಯೂ ಕೊನೆಯ ಸಾಲಿನವರೆಗೆ ಅದೇ.

"ನೀವೇ ಕೇಳಿದ ಪುಸ್ತಕ ಮೇಡಂ," ಎಂದರು ಅಧಿಕಾರಿ. ಅವರ ದನಿಯಲ್ಲಿ ಕುಹಕವಿರಲಿಲ್ಲ.

ಡುಲ್ಸಿನ್ ಪುಟದ ಕೆಳಗಿನ ಸಹಿಯ ಮೇಲೆ ಬೆರಳಿಟ್ಟು ಕುಳಿತಿದ್ದಳು. ಆಮೇಲೆ ಇನ್ನೊಂದು ದಿನಾಂಕ ಕೇಳಿ ಎದ್ದಳು. ಬಸ್ಸಿನಿಂದ ಬಿಜೈಯಲ್ಲಿ ಇಳಿಯಲಿಲ್ಲ. ಸೀದಾ ಉರ್ವಕ್ಕೆ, ವೀರಮಲೈಯ ಮನೆಗೆ ಹೋದೆವು.

ಮುದುಕ ಬಾಗಿಲಲ್ಲಿ ಕುಳಿತು ನೀರುಳ್ಳಿ ಸುಲಿಯುತ್ತಿದ್ದ. ಅವಳ ಮುಖ ನೋಡಿಯೇ ಅವನಿಗೆ ಗೊತ್ತಾಯಿತು.

"ಪುಸ್ತಕ ನೋಡಿಬಿಟ್ಟಿರಾ ಚಿನ್ನಮ್ಮಾ?"

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ? ಆರು ತಿಂಗಳು ನಾನು ಆ ಪುಸ್ತಕ ಬೇಕು, ಪುಸ್ತಕ ಬೇಕು ಅಂತ ಕುಣಿದೆನಲ್ಲ!"

"ಅಯ್ಯಾ ಮೇಲೆ ಅವರ ಮಗಳ ಹತ್ತಿರವೇ ದೂರು ಹೇಳೋದಾ?" ಎಂದ ಮುದುಕ.

ಆಮೇಲೆ ಮೆಲ್ಲಗೆ ಹೇಳಿದ. ಬಂದ ಮೊದಲ ವಾರ ಎಲ್ಲರನ್ನೂ ರೈಟರ ಮೇಜಿನ ಮುಂದೆ ಸಾಲು ನಿಲ್ಲಿಸಿದ್ದರಂತೆ. ಎಲ್ಲರಿಗಿಂತ ಮುಂದೆ ಇದ್ದವನು ಅವನೇ. ಹೆಸರು, ವಯಸ್ಸು, ಹಡಗು ಇಳಿದ ದಿನ ಎಲ್ಲ ಕೇಳಿ ರೈಟರು ಜಾತಿ ಕೇಳಿದರು. ಪಕ್ಕದಲ್ಲಿ ಊರಿನ ಮೇಸ್ತ್ರಿಗಳು ನಿಂತು ನೋಡುತ್ತಿದ್ದರು. ಅವನ ಬಾಯಿಂದ ಮಾತು ಹೊರಡಲಿಲ್ಲ. ರೈಟರು ಸ್ವಲ್ಪ ಹೊತ್ತು ಕಾದು, "ಬೇಡ ಬಿಡು. ಊರು ಹೊಸದು, ಪುಸ್ತಕವೂ ಹೊಸದು. ಆ ಪೀಡೆಯನ್ನು ಇಲ್ಲಿಗೆ ಯಾಕೆ ತರುವುದು?" ಎಂದು ತಾವೇ ಬರೆದುಕೊಂಡರು. ಅವನ ಹಿಂದಿನವರನ್ನು ಆ ಪ್ರಶ್ನೆ ಕೇಳಲೇ ಇಲ್ಲ.

"ಅವತ್ತು ಎಷ್ಟು ಸಂತೋಷ ಆಯ್ತು ಗೊತ್ತಾ? ನಮ್ಮ ಮಕ್ಕಳನ್ನು ಶಾಲೆಯಲ್ಲಿ ಬೇರೆ ಕೂರಿಸಲಿಲ್ಲ. ಎಲ್ಲರೂ ಅಯ್ಯಾ ಅವರನ್ನು ಹೊಗಳಿದ್ದೇ ಹೊಗಳಿದ್ದು. ಈ ಪತ್ರ, ನಂಬರು ಎಲ್ಲ ಬರುತ್ತದೆ ಅಂತ ಅವರಿಗೇನು ಗೊತ್ತು, ನನಗೇನು ಗೊತ್ತು? ನೀವೂ ಅಲ್ಲೇ ಇದ್ದಿರಿ ಚಿನ್ನಮ್ಮಾ. ಅವರು ಬರೆದ ಹಾಗೆಲ್ಲ ನೀವು ಆ ಗುಲಾಬಿ ಕಾಗದ ಒತ್ತುತ್ತಿದ್ದಿರಿ."

ಡುಲ್ಸಿನ್ ಅಲ್ಲಿಯೇ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಆಗ ಅವಳಿಗೆ ಎಂಟು ವರ್ಷ. ತಂದೆ ಒಂದು ಸಾಲು ಬರೆದು ಕೈ ಎತ್ತಿದಾಗ ಹಸಿ ಶಾಯಿಯ ಮೇಲೆ ಬ್ಲಾಟಿಂಗ್ ಪೇಪರ್ ಒತ್ತುವುದು ಅವಳ ಕೆಲಸ. ಅದು ಅವಳಿಗೆ ಚೆನ್ನಾಗಿ ನೆನಪಿತ್ತು. ಮೊದಲನೆಯವನ ಸಾಲು ನಿಧಾನವಾಗಿ, ಉಳಿದ ಸಾಲುಗಳು ಬೇಗಬೇಗ ಬಂದದ್ದು, ಕಾಗದ ಒತ್ತಲು ಪುರುಸೊತ್ತಾಗದೆ ತಂದೆಯಿಂದ ಗದರಿಸಿಕೊಂಡದ್ದು ಕೂಡ.

ಒಳಗಿನಿಂದ ತಿಲಗವತಿ ಚಹಾ ತಂದಿಟ್ಟಳು. "ಆಂಟಿ, ಜೂನ್‌ನೊಳಗೆ ಆಗ್ತದಾ?" ಎಂದಳು.

"ಆಗಬೇಕು," ಎಂದಳು ಡುಲ್ಸಿನ್.

ಮರುದಿನ ಅಹ್ಮದ್ ಬಾವ ಅವರ ಮೇಜಿನ ಮುಂದೆ ಚರ್ಚೆ ನಡೆಯಿತು. ಉತ್ತರ ಸಿಗದೆಯೇ ರೈಟರು ಜಾತಿಯನ್ನು ತಾವಾಗಿ ಬರೆದರು ಎಂದು ಸಾಬೀತಾದರೆ ಆ ನಮೂದಿಗೆ ಬೆಲೆಯಿಲ್ಲ. ಆದರೆ ಹೇಳುವವರು ಯಾರು? ವೀರಮಲೈ ಹೇಳಿದರೆ ಅವನು ಅರ್ಜಿದಾರಳ ಅಜ್ಜ, ಲಾಭ ಅವರದ್ದೇ ಎನ್ನುತ್ತಾರೆ. ಸಾಲಿನಲ್ಲಿ ನಿಂತಿದ್ದ ಬೇರೆ ದೊಡ್ಡವರು ಯಾರೂ ಉಳಿದಿಲ್ಲ. ಆ ಮೇಸ್ತ್ರಿಗಳೂ ಇಲ್ಲ.

"ನಾನು ಇದ್ದೇನಲ್ಲ," ಎಂದಳು ಡುಲ್ಸಿನ್.

ಬಾವ ಕನ್ನಡಕ ತೆಗೆದರು. "ಬಾಯಿ, ವಕೀಲರೂ ನೀವೇ, ಸಾಕ್ಷಿಯೂ ನೀವೇ ಆಗ್ಲಿಕ್ಕೆ ಆಗೂದಿಲ್ಲ. ಸಾಕ್ಷಿ ಆಗಬೇಕಾದರೆ ಕೋಟು ಬಿಚ್ಚಬೇಕು. ಕೇಸು ಬಿಟ್ಟುಕೊಡಬೇಕು."

"ನಿಮಗೇ ಕೊಡ್ತೇನೆ."

"ನನಗೆ ತಮಿಳು ಬರೂದಿಲ್ಲ. ನನ್ನ ಮಂಡಿಗೆ ಮೆಟ್ಟಿಲು ಹತ್ತಲಿಕ್ಕೂ ಬರೂದಿಲ್ಲ."

"ಮಂಡಿಗೆ ಎಣ್ಣೆ ನಾನು ಕೊಡ್ತೇನೆ. ತಮಿಳು ಅಲ್ಲಿ ಯಾರಿಗೂ ಬರುವುದಿಲ್ಲ, ಚಿಂತೆ ಬೇಡ."

ಬಾವ ನಕ್ಕರು. ಆಮೇಲೆ ಗಂಭೀರವಾದರು. "ಸರಕಾರಿ ವಕೀಲರು ಸುಮ್ಮನೆ ಬಿಡೂದಿಲ್ಲ ಬಾಯಿ. ನಿಮ್ಮ ತಂದೆ ಸುಳ್ಳು ದಾಖಲೆ ಬರೆದರು ಅಂತ ನಿಮ್ಮ ಬಾಯಲ್ಲೇ ಹೇಳಿಸ್ತಾರೆ."

"ಬರೆದದ್ದು ಹೌದಲ್ಲ," ಎಂದಳು ಅವಳು.

ಅವಳ ಅಫಿಡವಿಟ್ಟನ್ನು, ಅಂದರೆ ಪ್ರಮಾಣ ಮಾಡಿ ಬರೆದ ಹೇಳಿಕೆಯನ್ನು, ಓದಿ ನೋಡಿದವಳೂ ನಾನೇ. ಎರಡೇ ಪುಟ. 'ಬೇಜವಾಬ್ದಾರಿ ಗುಮಾಸ್ತ' ಎಂದು ನಾನು ಹಿಂದೆ ಬರೆದದ್ದು ತಪ್ಪು, ಆ ಗುಮಾಸ್ತರು ನನ್ನ ತಂದೆ, ಅವರು ಉತ್ತರ ಸಿಗದೆ ತಾವಾಗಿ ಬರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದಿತ್ತು. ತಂದೆ ಒಳ್ಳೆಯ ಮನಸ್ಸಿನಿಂದ ಬರೆದರು ಎಂಬ ಒಂದು ಸಾಲು ಸೇರಿಸು ಎಂದೆ. "ಅದು ಸಾಕ್ಷಿ ಅಲ್ಲ ಮಾರಾಯ್ತಿ, ಅದು ಮಗಳು ಹೇಳುವ ಮಾತು" ಎಂದು ಬಿಟ್ಟಳು. ಕೋಟು ನನ್ನ ಕುರ್ಚಿಗೆ ಬಂದದ್ದು ಆ ಸಂಜೆ.

ಅಫಿಡವಿಟ್ ಸಲ್ಲಿಸಿದರಷ್ಟೇ ಸಾಲದು, ಬರೆದವರು ಬಂದು ಪಾಟೀಸವಾಲಿಗೆ ನಿಲ್ಲಬೇಕು ಎಂದರು ಅಧಿಕಾರಿ. ಮಾರ್ಚಿನ ಕೊನೆಗೆ ದಿನಾಂಕ ಕೊಟ್ಟರು. ಹೋದೆವು, ಅಧಿಕಾರಿಗಳೆಲ್ಲ ಚುನಾವಣೆಯ ಕೆಲಸದಲ್ಲಿದ್ದರು. ಏಪ್ರಿಲಿನಲ್ಲಿ ಹೋದೆವು; ಆಗಲೂ ಹಾಗೆಯೇ. ಎರಡೂ ಸಲ ಡುಲ್ಸಿನ್ ಸೀರೆಯುಟ್ಟು, ಕೋಟಿಲ್ಲದೆ, ಕಕ್ಷಿದಾರರು ಕೂರುವ ಉದ್ದದ ಬೆಂಚಿನಲ್ಲಿ ವೀರಮಲೈಯ ಪಕ್ಕ ಕುಳಿತಿದ್ದಳು. ಪರಿಚಯದ ವಕೀಲರೊಬ್ಬರು "ಎಂತ ಬಾಯಿ, ಪ್ರಮೋಷನಾ?" ಎಂದು ಕೆಣಕಿದರು. "ಹೌದು, ಈಗ ನಾನೂ ಜನ ಆದೆ" ಎಂದಳು. ಮೂರನೆಯ ದಿನಾಂಕ ಮೇ ಇಪ್ಪತ್ತೆರಡು.

ಮೇ ಹನ್ನೆರಡು, ಭಾನುವಾರ. ಚರ್ಚಿನಿಂದ ಬಂದು ಅಡುಗೆಮನೆಯಲ್ಲಿ ಎಳನೀರಿನ ಬೊಂಡ ಕೆತ್ತುತ್ತಿದ್ದವಳು ತಲೆ ಹಿಡಿದುಕೊಂಡು ಕುಸಿದಳು. ಎಲೇನ್ ನರ್ಸು, ನೋಡಿದ ಕೂಡಲೇ ಮಿದುಳಿನ ರಕ್ತಸ್ರಾವ ಎಂದು ಅವಳಿಗೆ ಅರ್ಥವಾಗಿತ್ತು. ಡುಲ್ಸಿನ್ ಆಸ್ಪತ್ರೆಯಲ್ಲಿ ಮೂರು ದಿನ ಇದ್ದಳು. ಎರಡನೆಯ ದಿನ ಒಮ್ಮೆ ಕಣ್ಣು ಬಿಟ್ಟಳು. ನಾನು ಕೈ ಹಿಡಿದಿದ್ದೆ. ಏನೋ ಹೇಳಲು ನೋಡಿದಳು, ಮಾತು ಬರಲಿಲ್ಲ. ಏನು ಹೇಳಲಿದ್ದಳು ಎಂದು ನಾನು ಊಹಿಸುವುದಿಲ್ಲ. ಅವಳಿಗೆ ಊಹೆಯ ಸಾಕ್ಷಿ ಎಂದರೆ ಆಗುತ್ತಿರಲಿಲ್ಲ.

ಶವಪೆಟ್ಟಿಗೆಯೊಳಗೆ ಅವಳಿಗೆ ಕೋಟು ಹಾಕಬೇಕೆಂದು ಎಲೇನ್ ಆಸೆಪಟ್ಟಳು. ನನ್ನ ಮನೆಯಿಂದ ತಂದುಕೊಟ್ಟೆ. ಬಾಗಿಲಲ್ಲಿ ನಿಂತಿದ್ದ ಬಾವ ತಡೆದರು. "ಬೇಡ. ಅವರು ಅದನ್ನು ಬಿಚ್ಚಿಯೇ ಹೋದದ್ದು." ಎಲೇನ್ ಅಳುತ್ತಲೇ ಒಪ್ಪಿದಳು. ಚರ್ಚಿನಲ್ಲಿ ಪೂಜೆ ನಡೆಯುವಾಗ ವೀರಮಲೈ ಅಷ್ಟು ದೂರದಲ್ಲಿ, ಗೇಟಿನ ಹೊರಗೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಒಳಗೆ ಬಾ ಎಂದು ಪುಷ್ಪರಾಣಿ ಎಷ್ಟು ಎಳೆದರೂ ಬರಲಿಲ್ಲ.

ಇಪ್ಪತ್ತೆರಡರಂದು ಅಧಿಕಾರಿ ಬಂದಿದ್ದರು. ಅಂದು ಚುನಾವಣೆಯ ಕೆಲಸವಿರಲಿಲ್ಲ. ಬಾವ ಮರಣ ಪತ್ರ ಕೊಟ್ಟು, ಅವಳ ಅಫಿಡವಿಟ್ಟನ್ನೇ ಸಾಕ್ಷಿಯೆಂದು ಸ್ವೀಕರಿಸಬೇಕೆಂದು ಒಂದು ಗಂಟೆ ವಾದಿಸಿದರು. ಮಂಡಿನೋವಿನಲ್ಲಿಯೂ ನಿಂತೇ ವಾದಿಸಿದರು. ಅಧಿಕಾರಿ ಪೂರ್ತಿ ಕೇಳಿದರು. "ನನಗೆ ಅವರ ಮೇಲೆ ನಂಬಿಕೆ ಉಂಟು ಸಾರ್. ಆದರೆ ಪ್ರಶ್ನೆಗೆ ಉತ್ತರ ಕೊಡುವವರು ಇಲ್ಲವಲ್ಲ, ನಾನೆಂತ ಮಾಡಲಿ?" ಎಂದರು. ವೀರಮಲೈ ಎದ್ದು ನಿಂತು, "ನನ್ನನ್ನು ಕೇಳಿ, ನಾನು ಇದ್ದೆ" ಎಂದ. ಸರಕಾರಿ ವಕೀಲರು ಅವನಿಗೆ ಒಂದೇ ಪ್ರಶ್ನೆ ಹಾಕಿದರು: ಜಾತಿ ಕೇಳಿದಾಗ ನೀವು ಆದಿ ದ್ರಾವಿಡ ಎಂದು ಹೇಳಿದಿರಾ? "ಹೇಳಲಿಲ್ಲ" ಎಂದ ಮುದುಕ. ನಾಚಿಕೆಯಾಯಿತು ಎಂದು ಹೇಳುವಷ್ಟರಲ್ಲಿ ಅವರು ಕುಳಿತುಕೊಂಡಾಗಿತ್ತು.

ಆದೇಶ ಜೂನ್ ಎರಡನೆಯ ವಾರ ಬಂತು. ಮೇಲ್ಮನವಿ ತಿರಸ್ಕೃತ. ಅದರ ಒಂಬತ್ತನೆಯ ಪ್ಯಾರಾದಲ್ಲಿ ಹೀಗಿದೆ: 'ಮೂಲ ರಿಜಿಸ್ಟರಿನ ನಮೂದು ಸ್ಪಷ್ಟವಾಗಿದ್ದು, ಯಾವುದೇ ತಿದ್ದುಪಡಿ ಇಲ್ಲದೆ, ಅಚ್ಚುಕಟ್ಟಾದ ಅಕ್ಷರದಲ್ಲಿರುವುದರಿಂದ ಅದನ್ನು ಅನುಮಾನಿಸಲು ಕಾರಣವಿರುವುದಿಲ್ಲ.'

ತಿಲಗವತಿ ಈಗ ಬಿಜೈಯ ಒಂದು ಲ್ಯಾಬಿನಲ್ಲಿ ರಕ್ತದ ಶೀಶೆಗಳಿಗೆ ಹೆಸರಿನ ಚೀಟಿ ಅಂಟಿಸುತ್ತಾಳೆ. ದಾರಿಯಲ್ಲಿ ಸಿಕ್ಕಿದರೆ ನಗುತ್ತಾಳೆ, ಏನೂ ಕೇಳುವುದಿಲ್ಲ. ಅವಳು ಕೇಳಿದರೆ ಒಳ್ಳೆಯದಿತ್ತು. ಹೈಕೋರ್ಟಿಗೆ ಹೋಗೋಣ ಎಂದು ಬಾವ ಈಗಲೂ ಹೇಳುತ್ತಾರೆ. ಕಾಗದಗಳನ್ನು ಜೋಡಿಸಿ ಇಟ್ಟಿದ್ದಾರೆ, ನಾನು ಓದಿ ನೋಡಿಯೂ ಆಗಿದೆ. ಅಲ್ಲಿ ನಿಂತು ಹೇಳುವವರು ಯಾರು ಎಂದು ನಾನೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಆ ಮೇಜಿನ ಬಳಿ ನಿಂತು, ಶಾಯಿ ಒಣಗುವ ಮೊದಲು ಕಾಗದ ಒತ್ತಿದವಳು ಒಬ್ಬಳೇ ಇದ್ದಳು.