ಇವರ ಹೊಗೆಗೆ ನಾನು ಸುತ್ತಿದ ಕಾಯಿಲ್

ಮಂಗಳೂರಿನ ಸರ್ಜನ್ ನನ್ನ ಗಂಡನ ಎಡಗಾಲಿನ ಎರಡು ಬೆರಳು ತೆಗೆದ ಮೇಲೆ, "ಇನ್ನು ಸಿಗರೇಟು ಮುಟ್ಟಿದರೆ ಪಾದವೂ ನಮಗೇ" ಎಂದು ನಗುತ್ತಲೇ ಹೇಳಿ ಕಳಿಸಿದ್ದರು. ಆ ಪಾದವನ್ನು ಜೋಪಾನ ಮಾಡಿಕೊಂಡು ನಾವು ಡ್ಯೂಸೆಲ್ಡಾರ್ಫಿನ ಮಗಳ ಮನೆಗೆ ಬಂದೆವು. ಮಗಳಿಗೂ ಅಳಿಯನಿಗೂ ಜರ್ಮನಿಯಲ್ಲಿ ಕೆಲಸ ಮಾಡಿಕೊಂಡು ನೆಲೆಸಲು ಬೇಕಾದ ಬ್ಲೂ ಕಾರ್ಡ್ ಆಗಷ್ಟೇ ಸಿಕ್ಕಿತ್ತು. ನಮ್ಮ ಕಾಲದಲ್ಲಿ ಒಳ್ಳೆಯ ಸಂಬಂಧ ಕುದುರಿದ್ದನ್ನು ಹೇಳಿಕೊಳ್ಳುತ್ತಿದ್ದ ಹಾಗೆ ಅವರ ಸ್ನೇಹಿತರೆಲ್ಲ ಆ ಕಾರ್ಡಿನ ಮಾತಾಡುತ್ತಿದ್ದರು.

ಅಳಿಯ ಮೈಸೂರಿನವನು. ಸಿಗರೇಟು ಬಿಟ್ಟು ಇ-ಸಿಗರೇಟು ಹಿಡಿದವನು. ಅಂಗಡಿಯ ರೆಡಿಮೇಡ್ ಕಾಯಿಲ್ ಅವನಿಗೆ ಆಗದು. ಹೊಗೆ ಏಳಿಸುವ ಭಾಗವಾದ ಅಟೊಮೈಜರನ್ನು ತಾನೇ ತಂತಿ ಸುತ್ತಿ, ಹತ್ತಿ ತೂರಿಸಿ ಕಟ್ಟಿಕೊಳ್ಳಬೇಕು. "ಮಾವ, ನಿಮಗೂ ಒಂದು ಸೆಟ್ ಕೊಡ್ತೀನಿ. ಸಿಗರೇಟ್ ನೆನಪೇ ಬರಲ್ಲ" ಎಂದ. ಆದರೆ ಅವನು ಬೆಳಿಗ್ಗೆ ಆಫೀಸಿಗೆ ಹೋದರೆ ಬರುವುದು ಸಂಜೆಗೆ. ಇವರ ಕೈ ಸದಾ ನಡುಗುತ್ತಿತ್ತು. ಉಳಿದವಳು ನಾನು. ಕಾನ್ವೆಂಟಿನ ನೀಡಲ್‌ವರ್ಕ್ ಕ್ಲಾಸಿನಲ್ಲಿ ಸಿಸ್ಟರ್ ಗೆಣ್ಣಿಗೆ ಸ್ಕೇಲಿನಿಂದ ಹೊಡೆದು ಪಳಗಿಸಿದ ಬೆರಳುಗಳು ನನ್ನವು.

ದಾರದಷ್ಟು ತೆಳುವಾದ ತಂತಿಯನ್ನು ಸಣ್ಣ ಸ್ಕ್ರೂಡ್ರೈವರಿನ ಕಡ್ಡಿಗೆ ಸುತ್ತಿ ಸ್ಪ್ರಿಂಗಿನಂತೆ ಮಾಡಬೇಕು. ಅದೇ ಕಾಯಿಲ್. ಅದರ ಎರಡು ತುದಿಗಳನ್ನು ಸಾಸಿವೆ ಕಾಳಿನಂಥ ಎರಡು ಸ್ಕ್ರೂಗಳ ಅಡಿಯಲ್ಲಿ ಬಿಗಿಯಬೇಕು. ಬಟನ್ ಒತ್ತಿದರೆ ನಡುವಿನ ಸುತ್ತು ಮೊದಲು ಕೆಂಪಾಗಿ, ಆ ಕೆಂಪು ಎರಡೂ ಕಡೆಗೆ ಹರಡಬೇಕು. ಎಲ್ಲೋ ಒಂದು ಸುತ್ತು ತಾನೊಂದೇ ಉರಿದರೆ ಚಿಮಟದಿಂದ ಒತ್ತಿ ದಾರಿಗೆ ತರಬೇಕು. ಕೊನೆಗೆ ಒಳಗೆ ಹತ್ತಿ ತೂರಿಸಿ, ಅದರ ಬಾಲಗಳನ್ನು, ಕಾದು ಹೊಗೆಯಾಗುವ ದ್ರವದಲ್ಲಿ ಇಳಿಬಿಡಬೇಕು. ಓಮ್ಸ್ ಲಾ ನನಗೆ ಹೈಸ್ಕೂಲಿನಿಂದಲೇ ಬಾಯಿಪಾಠ. ಮದುವೆಯಾದ ಮೇಲೆ ಯಾರೂ ಅದನ್ನು ಕೇಳಿರಲಿಲ್ಲ. ಈಗಲಾದರೂ ಉಪಯೋಗಕ್ಕೆ ಬಂತಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಸಿಲ್ಲಿ ಮಿ.

ಇವರು ಮೊದಲ ದಮ್ಮು ಎಳೆದವರೇ ಕೆಮ್ಮಿ, ಉಗಿದರು.

"ಎಂಥ ಮಾರಾಯ್ತಿ ಇದು? ಹೆಣ ಸುಟ್ಟ ಹಾಗೆ ಉಂಟು. ನಿನ್ನ ನನ್ಸ್ ಇದನ್ನೇ ಕಲಿಸಿದ್ದಾ?"

"ಇನ್ನೊಂದು ಮಾಡ್ತೇನೆ, ಸ್ವಲ್ಪ ತಡೀರಿ."

"ನಾನು ಬಿಡ್ಲಿಕ್ಕೆ ರೆಡಿ. ನಿನ್ನ ಕಾಯಿಲ್ ಬಿಡ್ಲಿಕ್ಕೆ ಬಿಡುದಿಲ್ಲ. ಕಾಲು ಹೋದ್ರೆ ನಿನ್ನ ಕೈಯಿಂದ ಹೋಯ್ತು ಅಂತ ತಿಳ್ಕೋ."

ಹಾಗೆಂದು ಕೋಲೂರಿಕೊಂಡು ಬೀದಿ ಕೊನೆಯ ಗೂಡಂಗಡಿಗೆ ಹೋದರು. ಅಲ್ಲಿ ಸಿಗರೇಟು ಸಿಗುತ್ತಿತ್ತು.

ಆಮೇಲೆ ದಿನವೂ ಇದೇ. ನಾನು ಸುತ್ತುವುದು, ಅವರು ಉಗಿಯುವುದು, ಕೆಳಗಿಳಿದು ಹೋಗುವುದು. ಒಂದು ಭಾನುವಾರ ಊಟಕ್ಕೆ ಬಂದ ಅಳಿಯನ ಸ್ನೇಹಿತ ನನ್ನ ತಂತಿ, ಚಿಮಟ ನೋಡಿ, "ಗುರು, ನಿಮ್ಮತ್ತೆ ವೇಪ್ ಶಾಪ್ ಓಪನ್ ಮಾಡ್ಬಹುದು ಕಣೋ" ಎಂದ.

"ಮಾಡ್ಲಿ, ಮಾಡ್ಲಿ. ಒಮ್ಮೆ ಬಂದ ಗಿರಾಕಿ ಇನ್ನೊಮ್ಮೆ ಬರ್ಲಿಕ್ಕೆ ಬದುಕಿರುದಿಲ್ಲ" ಎಂದರು ಇವರು.

ಎಲ್ಲರೂ ನಕ್ಕರು. ಮಗಳೂ ನಕ್ಕಳು. ನಾನು ಸಾರು ಬಡಿಸಿದೆ.

ಹತ್ತಿ ಬಿಗಿಯಾಗಿದ್ದರೆ ದ್ರವ ಮೇಲೇರದೆ ಸುಡುತ್ತದೆ ಎಂದು ಅಳಿಯ ಹೇಳಿದ. ಸಡಿಲ ಮಾಡಿದೆ. ವಾಸನೆ ಹೋಗಲಿಲ್ಲ. ತಂತಿ ಬದಲಿಸಿದೆ. ಆಗಲೂ ಹೋಗಲಿಲ್ಲ. ಒಂದು ಬೆಳಿಗ್ಗೆ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತ ಕೂತಿದ್ದಾಗ ನನ್ನ ಬೆರಳು ತಾನಾಗಿ ಪಕ್ಕದ ಬಟ್ಟಲಿನ ಹಾಲಿಗೆ ಇಳಿಯಿತು. ಎಳೆ ಕೆದರದಿರಲೆಂದು ಹಾಲು ಸೋಕಿಸಿ ಹೊಸೆಯುವುದು ಅಮ್ಮ ಕಲಿಸಿದ ಕ್ರಮ. ಅಟೊಮೈಜರಿನ ಹತ್ತಿಯನ್ನೂ ನಾನು ಹಾಗೆಯೇ ಹೊಸೆಯುತ್ತಿದ್ದೆ! ಇಷ್ಟು ದಿನ ಇವರ ಬಾಯಲ್ಲಿ ಸೀದದ್ದು ಹಾಲು.

ಅವತ್ತು ಕೈ ಒಣಗಿಸಿಕೊಂಡು, ಹೊಸೆಯದೆ, ಹತ್ತಿಯನ್ನು ಹಗುರವಾಗಿ ಬಾಚಿ ತೂರಿಸಿದೆ. ಬಿಳಿ ಹೊಗೆ ಎದ್ದಿತು. ವೆನಿಲಾ ವಾಸನೆ, ಬೇಕರಿಯ ಬಾಗಿಲು ತೆರೆದ ಹಾಗೆ. ಇವರು ಎಳೆದರು. ಮತ್ತೊಮ್ಮೆ ಎಳೆದರು. ಮುಖದಲ್ಲಿ ಸಂತೋಷ ಕಾಣಲಿಲ್ಲ. ಕಳ್ಳನಿಗೆ ಬಾಗಿಲಲ್ಲೇ ಮನೆಯವರು ಎದುರಾದಂತಿತ್ತು. ಸಂಜೆ ಅಳಿಯ ಬಂದಾಗ, "ಇವತ್ತಿನದ್ದು ಪರವಾಗಿಲ್ಲ. ನೀವು ಮಾಡಿಟ್ಟು ಹೋದದ್ದಾ?" ಎಂದು ಕೇಳಿದರು. ಅಳಿಯ ಇಲ್ಲ ಎನ್ನುವಷ್ಟರಲ್ಲಿ ಟಿವಿಯ ಸದ್ದು ಜೋರು ಮಾಡಿದರು.

ಮರುದಿನದಿಂದ ಹೊಸ ತಕರಾರು. ಬಟನ್ ಒತ್ತಿದರೆ ಒಮ್ಮೆ ಉರಿಯುತ್ತದೆ, ಒಮ್ಮೆ ಇಲ್ಲ. ಡಿಸ್‌ಪ್ಲೇಯಲ್ಲಿ ತಂತಿಯ ರೆಸಿಸ್ಟೆನ್ಸ್ ತೋರಿಸುವ ಓಮ್ ಅಂಕಿ ಮೇಲೆ ಕೆಳಗೆ ಕುಣಿಯುತ್ತಿತ್ತು. ಹಾಗಾದರೆ ಸ್ಕ್ರೂ ಸಡಿಲವಾಗಿದೆ ಎಂದೇ ಅರ್ಥ. ಬಿಗಿದೆ. ಮಧ್ಯಾಹ್ನ ಒರಗಿ ಏಳುವಷ್ಟರಲ್ಲಿ ಮತ್ತೆ ಸಡಿಲ. ನನ್ನ ಕೈಯಲ್ಲಿ ಬಲ ಕಡಿಮೆಯಾಯಿತೇನೋ ಎಂದು ಹೆದರಿದೆ. ಕೊನೆಗೆ ಓದುವ ಭೂತಗನ್ನಡಿ ಹಿಡಿದು ನೋಡಿದೆ. ಸ್ಕ್ರೂ ತಲೆಯ ತುಂಬ ಗೀರುಗಳು, ಇಲಿ ಕೆರೆದ ಹಾಗೆ. ಅಲ್ಲಿ ಸ್ಕ್ರೂಡ್ರೈವರ್ ಜಾರಿತ್ತು, ಮತ್ತೆ ಮತ್ತೆ ಜಾರಿತ್ತು. ನನ್ನ ಕೈ ಜಾರುವುದಿಲ್ಲ. ಆ ಮನೆಯಲ್ಲಿ ನಡುಗುವ ಕೈ ಒಂದೇ ಇತ್ತು.

ಕಾಫಿ ಕೊಡುವಾಗ ಕೇಳಿದೆ: "ಸ್ಕ್ರೂ ನೀವೇ ಸಡಿಲ ಮಾಡಿದ್ದಲ್ಲವಾ?"

ಅವರು ನಾಚಲೂ ಇಲ್ಲ. "ಇದು ಸರಿಯಾಗಿಯೇ ಇದ್ರೆ ನಾನು ಎಂಥ ಹೇಳಿ ಕೆಳಗೆ ಹೋಗುದು?"

"ನಿಮ್ಮ ಕಾಲು?"

"ಕಾಲು ನನ್ನದು, ದೂರು ನಿನ್ನ ಮೇಲೆ. ಮದುವೆಯಾದಂದಿನಿಂದ ಹಾಗೇ ಅಲ್ಲವಾ ನಡೆದದ್ದು?" ಎಂದು ಕಾಫಿ ಹೀರಿ, "ಸಕ್ಕರೆ ಕಡಿಮೆ" ಎಂದರು.

ನಾನು ಸುತ್ತುವುದನ್ನು ನಿಲ್ಲಿಸಲಿಲ್ಲ. ಇನ್ನೂ ಚಂದವಾಗಿ ಸುತ್ತಿದೆ. ಸ್ಕ್ರೂ ಬದಲಿಸಿದೆ, ಸ್ಕ್ರೂಡ್ರೈವರನ್ನು ನನ್ನ ಹ್ಯಾಂಡ್‌ಬ್ಯಾಗಿನಲ್ಲಿಟ್ಟು ಜಿಪ್ ಎಳೆದೆ. ಎದ್ದಾಗ, ಕೂತಾಗ, ಊಟವಾದಾಗ, ಎಲ್ಲರೆದುರೇ ಬಟನ್ ಒತ್ತಿ ತೋರಿಸಿ ಅವರ ಕೈಗಿಡುತ್ತಿದ್ದೆ. ನೆಪ ಇಲ್ಲದೆ ಒದ್ದಾಡುವುದನ್ನು ನೋಡಲು ಬಲು ಚೆನ್ನಾಗಿತ್ತು. ಕೆಲವು ದಿನ ಒದ್ದಾಡಿದರು. ಆಮೇಲೆ ನೆಪವಿಲ್ಲದೆಯೇ ಕೆಳಗೆ ಹೋಗತೊಡಗಿದರು.

ಪಾದ ಮೊದಲು ನೀಲಿಯಾಯಿತು, ಆಮೇಲೆ ಕಪ್ಪಾಯಿತು. ಎಮರ್ಜೆನ್ಸಿಯಲ್ಲಿ ಎಳೆಯ ಡಾಕ್ಟರೊಬ್ಬ ನೋಡಿ, ಪಾದ ಉಳಿಯುವುದಿಲ್ಲ, ನಾಳೆಯೇ ತೆಗೆಯಬೇಕು ಎಂದ. ಅವನ ಜರ್ಮನ್ ಮಾತನ್ನು ಮಗಳು ನಮಗೆ ಹೇಳಿದಳು. ಇದು ಹೇಗಾಯಿತು ಎಂದು ಅವನು ಕೇಳಿದ.

ಇವರು ಮಗಳ ಕೈ ಹಿಡಿದುಕೊಂಡರು. "ಸರಿಯಾಗಿ ಹೇಳು ಇವರಿಗೆ. ನಾನು ಬಿಡ್ಲಿಕ್ಕೆ ತಯಾರಿದ್ದೆ. ನಿನ್ನ ಅಮ್ಮನ ಕಾಯಿಲ್ ಒಂದು ದಿನವೂ ಸರಿ ಇರ್ಲಿಲ್ಲ. ಸುಟ್ಟ ವಾಸನೆ. ಮತ್ತೆ ನಾನು ಎಂಥ ಮಾಡುದು? ಎಲ್ಲ ಬಿಡಿಸಿ ಹೇಳು."

ಮಗಳು ಡಾಕ್ಟರ ಕಡೆ ತಿರುಗಿ, "ಎರ್ ರೌಖ್ಟ್" ಎಂದಳು. ಅವನು ತಲೆಯಾಡಿಸಿ ಬರೆದುಕೊಂಡ.

"ಅಷ್ಟೇಯಾ?" ಎಂದು ಅವಳ ಕಿವಿಯಲ್ಲಿ ಕೇಳಿದೆ.

"ಸೇದ್ತಾರೆ ಅಂದೆ ಅಮ್ಮ. ಡಾಕ್ಟರಿಗೆ ಅಷ್ಟು ಸಾಕು."

ಇವರು ಮಂಚದಿಂದ ನನ್ನನ್ನೇ ನೋಡುತ್ತಿದ್ದರು. "ಹೇಳಿದಳಾ ಎಲ್ಲ?"

"ಒಂದೂ ಬಿಡದೆ ಹೇಳಿದಳು" ಎಂದೆ.

ಇವರಿಗೆ ಸಮಾಧಾನವಾಯಿತು. ದಿಂಬು ಸರಿಮಾಡು ಎಂದು ಕೈ ತೋರಿಸಿದರು.