ರಜೆಗೆ ಕಾಯದ ಅಕ್ಕು

ದೋಹಾದ ಓಲ್ಡ್ ಏರ್‌ಪೋರ್ಟ್ ಕಡೆಯ ಎರಡು ಕೋಣೆಯ ಮನೆಯಲ್ಲಿ ಅಕ್ಕು ಇಪ್ಪತ್ತು ವರ್ಷ ಹೊಲಿಗೆ ಮಿಷನ್ ತುಳಿದವಳು. ಊರು ಕಾಪು. ಗಂಡ ಬೋಜ ಎಸಿ ರಿಪೇರಿಯ ಮೆಕ್ಯಾನಿಕ್. ನಮ್ಮ ಕರಾವಳಿಯ ಹೆಂಗಸರ ರವಿಕೆಗಳೆಲ್ಲ ಅವಳ ಕತ್ತರಿ ದಾಟಿಯೇ ಮೈಗೇರುತ್ತಿದ್ದವು. ಅಳತೆಯ ಟೇಪು ಸುತ್ತುವಾಗಲೇ, "ಇದೆಂತ ಮಾರಾಯ್ತಿ, ಕೈ ಸೊರಗಿದೆ, ಹೊಟ್ಟೆ ಮಾತ್ರ ಬೆಳೆದಿದೆ? ಡಾಕ್ಟರಿಗೆ ತೋರಿಸು" ಎನ್ನುವಳು. ಹಾಗೆ ಹೇಳಿಸಿಕೊಂಡು ಹೋದ ಶರಲ್ ಎಂಬವಳ ಅಂಡಾಶಯದಿಂದ ತೆಂಗಿನಕಾಯಿ ಗಾತ್ರದ ಗಡ್ಡೆ ತೆಗೆದರು. ಊರಮಂದಿಯ ಮೈಗೆಲ್ಲ ಕಾವಲಾಗಿದ್ದವಳು ತನ್ನ ಮೈಯನ್ನು ಮಾತ್ರ ಮೂಲೆಗೆ ತಳ್ಳಿದ್ದಳು.

ಗಲ್ಫಿನಲ್ಲಿರುವ ನಮ್ಮವರದೊಂದು ಕೆಟ್ಟ ಚಾಳಿ ಇದು. ಕಾಯಿಲೆಗಳನ್ನೆಲ್ಲ ರಜೆಗೆಂದು ಕೂಡಿಡುತ್ತೇವೆ. ಹಲ್ಲು ನೋಯಲಿ, ಕಣ್ಣು ಮಂಜಾಗಲಿ, ಊರಿಗೆ ಹೋದಾಗ ನೋಡೋಣ ಎನ್ನುತ್ತೇವೆ. ಅಲ್ಲಿ ನಮ್ಮ ಮಾತು ತಿಳಿಯುವ ಡಾಕ್ಟರಿದ್ದಾರೆ, ಗಂಜಿ ಬೇಯಿಸಿ ಕೊಡುವ ಅಕ್ಕತಂಗಿಯರಿದ್ದಾರೆ. ಅಕ್ಕುವಿನ ಫ್ರಿಜ್ಜಿನ ಬಾಗಿಲಿಗೂ ಅಂಥದೊಂದು ಪಟ್ಟಿ ಅಂಟಿಕೊಂಡಿತ್ತು: ದವಡೆಹಲ್ಲು, ಕನ್ನಡಕ, ಬೋಜನ ಮೊಣಗಂಟು.

ಎರಡು ಸಾವಿರದ ನಾಲ್ಕನೆಯ ಇಸವಿಯ ಫೆಬ್ರವರಿಯಲ್ಲಿ ಅವಳ ಒಳಬಟ್ಟೆಯಲ್ಲಿ ರಕ್ತದ ಕಲೆ ಕಂಡಿತು. ಮುಟ್ಟು ನಿಂತು ಆಗಲೇ ಮೂರು ವರ್ಷ. ಉಷ್ಣವಿರಬೇಕು ಎಂದು ಮೆಂತೆ ನೆನೆಸಿಟ್ಟು ಕುಡಿದಳು. ಹತ್ತು ದಿನ ಬಿಟ್ಟು ಮತ್ತೆ ಕಂಡಿತು. ಯಾರಿಗೂ ಬಾಯಿ ಬಿಡಲಿಲ್ಲ. ಪಟ್ಟಿಯಲ್ಲಿ ನಾಲ್ಕನೆಯ ಅಂಕಿ ಬರೆದಳು; ಮುಂದೆ ಏನೆಂದು ಬರೆಯಲು ಕೈ ಬಾರದೆ ಒಂದು ಗೆರೆ ಎಳೆದು ಬಿಟ್ಟಳು.

ಮಾರ್ಚ್ ಕೊನೆಗೆ ಈಸ್ಟರ್ ಹಬ್ಬದ ರವಿಕೆಗೆ ಅಳತೆ ಕೊಡಲು ಹೇಜಲ್ ಬಂದಳು. ಹೆಂಗಸರ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಶಿರ್ವದ ಹುಡುಗಿ. ಫ್ರಿಜ್ಜಿನಿಂದ ತಣ್ಣೀರು ತೆಗೆಯಲು ಹೋದವಳ ಕಣ್ಣಿಗೆ ಆ ಪಟ್ಟಿ ಬಿತ್ತು.

"ಅಕ್ಕಾ, ಈ ನಾಲ್ಕನೆಯದು ಎಂತ? ಬರೀ ಗೆರೆ?"

"ಅದು ಎಂತದೂ ಇಲ್ಲ ಹೇಜಲ್ ಬಾಯಿ. ಹೆಂಗಸರದ್ದು."

"ನಾನೂ ಹೆಂಗಸೇ. ಹೇಳಿ."

ಅಕ್ಕು ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಅರ್ಧ ಅರ್ಧ ಹೇಳಿದಳು. ಹೇಜಲಳ ಮುಖದ ನಗು ಇಳಿಯಿತು. "ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ಕಂಡರೂ ಕಾರಣ ಹುಡುಕಲೇಬೇಕು ಅಕ್ಕಾ. ಏನೂ ಇಲ್ಲದಿದ್ದರೆ ಒಳ್ಳೆಯದೇ ಆಯಿತು. ಇದ್ದರೆ ಕಾಯಲಿಕ್ಕೆ ಇಲ್ಲ."

ಅಷ್ಟರಲ್ಲಿ ಬೋಜ ಕೆಲಸದಿಂದ ಬಂದ. ವಿಷಯ ಕೇಳಿ ಬೆವರು ಒರೆಸಿಕೊಂಡ. "ಜುಲೈ ಐದಕ್ಕೆ ಟಿಕೆಟ್ ಆಗಿದೆಯಲ್ಲ. ಮಂಗಳೂರಲ್ಲಿ ದೊಡ್ಡ ದೊಡ್ಡ ಆಸ್ಪತ್ರೆ ಉಂಟು. ಇಲ್ಲಿ ಇವಳ ಆರೈಕೆ ಮಾಡುವವರು ಯಾರು?"

"ಬೋಜಣ್ಣ, ಯಾರದ್ದಾದರೂ ಎಸಿ ಸೋರಿದರೆ ಜುಲೈಗೆ ಬರ್ತೇನೆ ಅಂತೀರಾ?"

"ಅದು ಬೇರೆ."

"ಎಂತ ಬೇರೆ?"

ಅಕ್ಕು ಎದ್ದು ಪಟ್ಟಿಯನ್ನು ಹರಿದು ಕಸದ ಡಬ್ಬಿಗೆ ಹಾಕಿದಳು. "ನಾಳೆ ಎಷ್ಟು ಗಂಟೆಗೆ ಬರಬೇಕು, ಬಾಯಿ?"

ಹೇಜಲಳ ಆಸ್ಪತ್ರೆಯ ಡಾಕ್ಟರು ಸುಡಾನಿನ ಹೆಂಗಸು. ಸ್ಕ್ಯಾನಿಂಗ್ ಮಾಡಿ, ಗರ್ಭಕೋಶದ ಒಳಪದರ ದಪ್ಪವಾಗಿದೆ ಎಂದರು. ರವಿಕೆಯ ಒಳಗೆ ಅಸ್ತರು ಕೊಡುತ್ತೀರಲ್ಲ, ಹಾಗೊಂದು ಪದರ, ಅದೀಗ ಗಂಟುಗಂಟಾಗಿದೆ ಎಂದು ಹೇಜಲ್ ಬಿಡಿಸಿ ಹೇಳಿದಳು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬರುವವರೆಗಿನ ಹತ್ತು ದಿನ ಅಕ್ಕು ಹದಿನೆಂಟು ರವಿಕೆ ಹೊಲಿದಳು. ಎರಡಕ್ಕೆ ತೋಳು ಅದಲುಬದಲಾಯಿತು.

ಉತ್ತರ ಬಂತು. ಕ್ಯಾನ್ಸರ್. ಆದರೆ ಒಳಪದರ ಬಿಟ್ಟು ಆಚೆಗೆ ಹೋದಂತೆ ಕಾಣುವುದಿಲ್ಲ, ಗರ್ಭಕೋಶ, ಅಂಡಾಶಯ ಎಲ್ಲ ತೆಗೆದರೆ ಗುಣವಾಗುವ ಭರವಸೆ ದೊಡ್ಡದು ಎಂದರು ಡಾಕ್ಟರು.

"ಜುಲೈವರೆಗೆ ಬಿಟ್ಟಿದ್ದರೆ?" ಎಂದು ಕೇಳಿದ್ದು ಬೋಜ.

ಡಾಕ್ಟರು ಕಾಗದದಲ್ಲಿ ಗರ್ಭಕೋಶದ ಚಿತ್ರ ಬರೆದು, ಪೆನ್ನಿನ ಮೊನೆಯನ್ನು ಗೋಡೆಯ ಆಚೆಗೆ ದಾಟಿಸಿ ತೋರಿಸಿದರು. ಬೋಜ ಹೆಂಡತಿಯ ಕೈ ಹಿಡಿದುಕೊಂಡ. ಮದುವೆಯಾದ ಮೇಲೆ ನಾಲ್ಕು ಜನರ ಎದುರು ಅವನು ಹಾಗೆ ಕೈ ಹಿಡಿದದ್ದು ಅದೇ ಮೊದಲು.

ಆಪರೇಷನ್ನಿನ ಹಿಂದಿನ ದಿನ ಅಕ್ಕು ಹೇಜಲಳನ್ನು ಹತ್ತಿರ ಕರೆದಳು. "ಅದು ಹೋದ ಮೇಲೆ ನಾನು ಎಂತ ಆಗ್ತೇನೆ?"

"ಅಕ್ಕುವೇ ಆಗಿರ್ತೀರಿ. ಎರಡು ಮಕ್ಕಳನ್ನು ಹೊತ್ತು ಅದರ ಕೆಲಸ ಮುಗಿದಿದೆ. ನಿಮ್ಮ ಕೆಲಸ ಮುಗಿದಿಲ್ಲ, ನನ್ನ ರವಿಕೆಗೆ ಇನ್ನೂ ಹುಕ್ಕೇ ಬಿದ್ದಿಲ್ಲ!"

ಆಪರೇಷನ್ ಚೆನ್ನಾಗಿ ಆಯಿತು. ತೆಗೆದದ್ದನ್ನೆಲ್ಲ ಪರೀಕ್ಷೆ ಮಾಡಿ, ಬೇರೆಲ್ಲಿಗೂ ಹರಡಿಲ್ಲ ಎಂದು ಖಚಿತಪಡಿಸಿದರು. ಗಂಜಿಯ ಕೆಲಸ ಬೋಜನ ಪಾಲಿಗೆ ಬಂತು. ಮೊದಲ ವಾರ ಮೂರು ಪಾತ್ರೆ ಸೀದವು. ನಾಲ್ಕನೆಯ ವಾರಕ್ಕೆ ಹುರುಳಿ ಚಟ್ನಿಯೂ ಜೊತೆಗೆ ಬಂತು. ಅಕ್ಕು ಗಟ್ಟಿ ಜೀವ, ಮೂರು ತಿಂಗಳಿಗೆ ಮಿಷನ್ ಮುಂದೆ ಕೂತಳು.

ಆ ವರ್ಷ ನವೆಂಬರಿನಲ್ಲಿ ನಮ್ಮ ಕನ್ನಡ ಸಂಘದ ರಾಜ್ಯೋತ್ಸವ. ಹೆಂಗಸರ ಪರವಾಗಿ ಎರಡು ಮಾತಾಡಲು ಅಕ್ಕುವನ್ನು ಕರೆದರು. ಆಕೆ ಮೈಕು ಹಿಡಿದು, ಮುಟ್ಟು, ಗರ್ಭಕೋಶ, ರಕ್ತ ಎಂದು ಸರಾಗವಾಗಿ ಶುರುಮಾಡಿದಾಗ ಸಭೆಯಲ್ಲಿ ಕೆಮ್ಮು ಹಬ್ಬಿತು. ಕಾರ್ಯದರ್ಶಿ ಮುದ್ದುಕೃಷ್ಣ ಹತ್ತಿರ ಬಂದು, "ಅಕ್ಕಾ, ಗಂಡಸರೂ ಇದ್ದಾರೆ" ಎಂದು ಪಿಸುಗುಟ್ಟಿದರು. ಮೈಕು ಅದನ್ನೂ ಹಿಡಿಯಿತು.

"ಇರಲಿ ಮಾರಾಯ್ರೆ. ನೀವೆಲ್ಲ ಬಂದದ್ದು ಆ ಗರ್ಭಕೋಶದಿಂದಲೇ ಅಲ್ವಾ? ವಿಮಾನದಲ್ಲಿ ಅಲ್ಲವಲ್ಲ!"

ಸಭೆಗೆ ಸಭೆಯೇ ನಕ್ಕಿತು. ನಗು ಇಳಿಯಲು ಬಿಟ್ಟು ಅಕ್ಕು ಹೇಳಿದಳು: "ರಜೆ ನಮಗೆ. ಕಾಯಿಲೆಗೆ ರಜೆ ಇಲ್ಲ."

ಮರುವಾರದಿಂದ ಅವಳ ಹೊಲಿಗೆ ಕೋಣೆಗೆ ಹೊಲಿಯಲು ಬಟ್ಟೆ ತಾರದೆ ಬರುವವರೂ ಸೇರಿಕೊಂಡರು. ತಿಂಗಳುಗಟ್ಟಲೆ ಬಿಳಿಸೆರಗಿನಲ್ಲಿ ನವೆದವಳು, ಮಗಳಿಗೆ ಮುಟ್ಟಿನ ಹೊಟ್ಟೆನೋವೆಂದು ಅತ್ತವಳು, ಗರ್ಭಕೋಶ ಜಾರಿದ್ದನ್ನು ಹದಿನಾಲ್ಕು ವರ್ಷ ಗಂಡನಿಗೂ ಹೇಳದವಳು. ಅಕ್ಕು ಮದ್ದು ಹೇಳುತ್ತಿರಲಿಲ್ಲ. ಎದ್ದು, ಚಪ್ಪಲಿ ಹಾಕಿ, ಜೊತೆಗೆ ಹೊರಡುತ್ತಿದ್ದಳು.

ಎರಡು ಸಾವಿರದ ಒಂಬತ್ತರ ಏಪ್ರಿಲಿಗೆ ಆಪರೇಷನ್ ಆಗಿ ಐದು ವರ್ಷ ತುಂಬಿತು. ಅದೇ ಡಾಕ್ಟರು ಕೊನೆಯ ಪರೀಕ್ಷೆ ಮಾಡಿ, ಕಡತ ಮುಚ್ಚಿ ನಕ್ಕರು.

"ಖಲಾಸ್, ಅಕ್ಕು. ಇನ್ನು ನೀನು ಇಲ್ಲಿಗೆ ಬರಬೇಕಾಗಿಲ್ಲ."

ಅಕ್ಕು ಡಾಕ್ಟರರ ಎರಡೂ ಕೈಯನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಬಾಗಿಲು ತೆರೆದು, ಹೊರಗಿನ ಬೆಂಚಿನಲ್ಲಿ ತಾನೇ ಕರೆತಂದು ಕೂರಿಸಿದ್ದ ಹೆಂಗಸಿನತ್ತ ಕೈ ಬೀಸಿದಳು.

"ಬಾ ಬ್ರಿಜಿಟ್, ಯಲ್ಲಾ, ಬೇಗ ಏಳು! ನನ್ನದು ಮುಗಿಯಿತು, ಈಗ ನಿನ್ನದು. ಹೆದರಬೇಡ, ಈ ಡಾಕ್ಟರಮ್ಮ ನಮ್ಮವರೇ."